ಇಬ್ಬರ ದೋಣಿ, ಒಂದೇ ಕಂಪ್ಯೂಟರ್

"ಎಡಕ್ಕೆ ಡ್ರೈವರೇ, ಎಡಕ್ಕೆ!"

ನಾನು ಎಡಕ್ಕೇ ತಿರುಗಿಸಿದೆ. ದೋಣಿ ಹೋಗಿ ಬಂಡೆಗೆ ಬಡಿಯಿತು.

"ಎಡ ಅಂದ್ರೆ ನನ್ನ ಎಡ ಕಣ್ರೀ!"

"ಎದುರುಬದುರು ಕೂತಿದೀವಲ್ಲ ನರ್ಸಮ್ಮ, ನಿಮ್ಮ ಎಡ ನನಗೆ ಬಲ ಅಲ್ವೇ?"

ಹೆಡ್‌ಫೋನಿನೊಳಗೆ ಅವರು ನಕ್ಕರು. ಬಹಳ ದಿನದ ಮೇಲೆ ನನ್ನ ಮನೆಯೊಳಗೆ ಯಾರೋ ನಕ್ಕಂತಾಯಿತು.

ಅದು ಕಂಪ್ಯೂಟರಿನಲ್ಲಿ ಇಬ್ಬರು ಆಡುವ ಆಟ. ಹುಟ್ಟು ಹಾಕುವವನು ದಾರಿಗೆ ಬೆನ್ನು ಮಾಡಿ ಕೂರಬೇಕು. ಎದುರಿಗೆ ಕೂತವರು ದಾರಿ ನೋಡಿ ಹೇಳಬೇಕು. ನನ್ನ ಪರದೆಯಲ್ಲಿ ಕಾಣುತ್ತಿದ್ದದ್ದು ಹಿಂದೆ ಸರಿಯುವ ನೀರು, ಮತ್ತೆ ದೊಡ್ಡ ಟೋಪಿಯ ಒಬ್ಬ ಹೆಂಗಸು. ಟೋಪಿಯ ಕೆಳಗೆ ಮುಖ ಕಾಣುತ್ತಿರಲಿಲ್ಲ.

ನಾನು ಬಸ್ ಓಡಿಸಿ ನಿವೃತ್ತನಾದವನು, ಅವರು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ನರ್ಸಮ್ಮ ನನ್ನ ಮನೆಯ ಮೇಲಿನ ಮಹಡಿಯಲ್ಲಿ ಮಗಳ ಜೊತೆ ಇದ್ದರು. ಅವರ ಯಜಮಾನರು ತೀರಿಹೋಗಿ ವರ್ಷಗಳಾಗಿದ್ದವು, ನನ್ನ ಹೆಂಡತಿಯೂ ಹಾಗೇ. ಮೆಟ್ಟಿಲಲ್ಲಿ ಸಿಕ್ಕರೆ "ಊಟ ಆಯ್ತಾ" ಎನ್ನುವುದಕ್ಕೂ ಇಬ್ಬರಿಗೂ ಮುಜುಗರ. ಒಬ್ಬರ ಮನೆಗೊಬ್ಬರು ಹೋಗುವುದಂತೂ ದೂರವೇ ಉಳಿಯಿತು. ಆದರೆ ದೋಣಿ ಹತ್ತಿದರೆ ಸಂಜೆ ಕಳೆದದ್ದೇ ತಿಳಿಯುತ್ತಿರಲಿಲ್ಲ. ಎಡಬಲದ ಜಗಳ ಸಾಕೆಂದು ಬಸ್ಸಿನ ಮಾತನ್ನೇ ತಂದೆವು: ಡ್ರೈವರ್ ಕಡೆ, ಬಾಗಿಲ ಕಡೆ.

ಅವರ ಮಗಳಿಗೆ ಕಂಪ್ಯೂಟರ್ ತಯಾರಿಸುವ ಕಂಪನಿಯಲ್ಲಿ ಕೆಲಸ; ನಮಗಿಬ್ಬರಿಗೂ ಈ ಆಟ ಹಾಕಿಕೊಟ್ಟವಳೂ ಅವಳೇ. ಒಂದು ದಿನ ಮೆಟ್ಟಿಲಲ್ಲಿ ನಿಲ್ಲಿಸಿ ಹೇಳಿದಳು.

"ಮಾಮ, ಆ ಆಟಾನ ನಮ್ಮ ಕಂಪನಿ ತಗೊಂಡಿದೆ. ಇನ್ಮೇಲೆ ನಮ್ಮ ಕಂಪ್ಯೂಟರಲ್ಲಿ ಮಾತ್ರ ಬರೋದು. ನಿಮ್ಮದು ಬೇರೆ ಕಂಪನೀದು."

"ರಸ್ತೆ ಹಾಕ್ದೋರು ನಮ್ಮ ಬಸ್ಸೊಂದೇ ಓಡ್ಬೇಕು ಅಂದ ಹಾಗಾಯ್ತಲ್ಲಮ್ಮ!"

"ಆಟ ಮಾಡಿದ ಹುಡುಗರು ಬಾಗಿಲು ಹಾಕೋದ್ರಲ್ಲಿದ್ರು ಮಾಮ. ನಾವು ತಗೊಂಡಿದ್ದಕ್ಕೇ ಅದು ಉಳೀತು. ನಮ್ಮಲ್ಲಿ ಮಾತ್ರ ಸಿಗೋದು ಅಂತ ಏನೂ ಇಲ್ದಿದ್ರೆ ಜನ ನಮ್ಮ ಹತ್ರ ಯಾಕೆ ಬರ್ತಾರೆ, ನೀವೇ ಹೇಳಿ."

ಅವಳ ಮಾತೂ ಸುಳ್ಳಲ್ಲ. ಆಟ ಹೋದರೆ ಹೋಗಲಿ. ಆದರೆ ನರ್ಸಮ್ಮನ ಜೊತೆ ಮಾತಾಡಲು ನನಗಿದ್ದ ನೆಪ ಅದೊಂದೇ.

ಆಟ ನಿಂತುಹೋಯಿತು. ಸಂಜೆಯಾದರೆ ಮೇಲೆ ಕುರ್ಚಿ ಎಳೆಯುವ ಸದ್ದು ಕೇಳಿಸುತ್ತಿತ್ತು, ಅಷ್ಟೇ. ಹಾಗೇ ವಾರ ಕಳೆದ ಮೇಲೆ ಯಾರೋ ಬಾಗಿಲು ತಟ್ಟಿದರು. ನೋಡಿದರೆ ನರ್ಸಮ್ಮ.

"ಏನ್ರೀ, ಬಸ್ಸು ಡಿಪೋ ಸೇರಿಬಿಡ್ತಾ?"

"ರೂಟೇ ಕ್ಯಾನ್ಸಲ್ ಆಯ್ತಲ್ಲ ನರ್ಸಮ್ಮ."

"ಮೇಲೆ ಬನ್ನಿ. ನಮ್ಮ ಕಂಪ್ಯೂಟರಲ್ಲಿ ಆಟ ಇನ್ನೂ ಇದೆ, ಅದ್ರಲ್ಲೇ ಇಬ್ಬರೂ ಆಡೋಣ."

"ನೋಡಿದೋರು ಏನಂತಾರೆ?"

"ಅವರೇನು ನಮ್ಮ ದೋಣೀಲಿ ಕೂತಿದಾರಾ?"

ಹೋದೆ. ಒಂದೇ ಪರದೆ, ಬಂಡೆಗಳೆಲ್ಲ ನನಗೂ ಕಾಣುತ್ತಿದ್ದವು. "ಇದು ಮೋಸ," ಎಂದು ಅವರೇ ನನ್ನ ಕುರ್ಚಿ ತಿರುಗಿಸಿದರು. ಪರದೆ ನನ್ನ ಬೆನ್ನಿಗಾಯಿತು. ಕೀಲಿಮಣೆ ನನ್ನ ತೊಡೆಯ ಮೇಲೆ, ಎದುರಿಗೆ ಅವರು.

ಅವರ ಮುಖವನ್ನು ನಾನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಬಂಡೆ ಬಂದರೆ ಹುಬ್ಬು ಮೇಲೇರುತ್ತಿತ್ತು. "ಬಾಗಿಲ ಕಡೆ" ಎನ್ನುವ ಮುಂಚೆ ತುಟಿಯ ಅಂಚು ಆ ಕಡೆಗೆ ಒಂದಿಷ್ಟು ಜಾರುತ್ತಿತ್ತು. ಅವರು ಬಾಯಿ ತೆರೆಯುವಷ್ಟರಲ್ಲಿ ದೋಣಿ ತಿರುಗಿಸಿಬಿಟ್ಟೆ.

"ಹೇಳೋಕ್ ಮುಂಚೆ ಹೇಗ್ರೀ ಗೊತ್ತಾಯ್ತು?"

"ಇಲ್ಲಿ ಟೋಪಿ ಇಲ್ವಲ್ಲ."

ಅವರ ಕೆನ್ನೆ ಕೆಂಪಾಯಿತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಮಗಳು ಕಿಸಕ್ಕನೆ ನಕ್ಕಳು. "ನೋಡಿದ್ಯಾ ಅಮ್ಮ, ನಮ್ಮ ಕಂಪನಿ ಮಾಡಿದ್ದೇ ಒಳ್ಳೇದಾಯ್ತು!"

"ಸಾಕು ಸುಮ್ನಿರೆ. ಇವರಿಗೆ ಹತ್ತೋಕೆ ಮೆಟ್ಟಿಲಿತ್ತು. ಬೇರೆ ಬೇರೆ ಊರಲ್ಲಿ ಕೂತು ಆಡೋರು ಏನ್ ಮಾಡ್ಬೇಕು? ಆಟ ನೀವೇ ತಗೊಳ್ಳಿ, ಯಾರು ಬೇಡ ಅಂದ್ರು? ಆದ್ರೆ ಆಗ್ಲೇ ದೋಣೀಲಿ ಕೂತಿದ್ದೋರನ್ನ ನೀರಿಗೆ ತಳ್ಬೇಡಿ."

ಮಗಳ ನಗು ನಿಂತಿತು. "ಆಫೀಸಲ್ಲಿ ಇದನ್ನೇ ಹೇಳ್ತೀನಮ್ಮ. ಕೇಳ್ತಾರೋ ಇಲ್ವೋ," ಎಂದು ಒಳಗೆ ಹೋದಳು.

ನರ್ಸಮ್ಮ ಪರದೆಯ ಮೇಲಿನ ಕಣ್ಣು ತೆಗೆಯದೆ ಮೆಲ್ಲಗೆ ಕೇಳಿದರು.

"ಆಫೀಸಿನೋರು ಇವಳ ಮಾತು ಕೇಳಿ, ಆಟ ಮತ್ತೆ ನಿಮ್ಮ ಕಂಪ್ಯೂಟರಿಗೂ ಬಂದ್ರೆ?"

"ಬರ್ಲಿ. ಎಷ್ಟೋ ಜನಕ್ಕೆ ಒಳ್ಳೇದು."

"ಆಗ ನೀವು ಕೆಳಗೇ ಕೂತು ಆಡ್ತೀರಿ."

"ಇಲ್ಲ. ನನ್ನ ಕಂಪ್ಯೂಟರ್ ಕೆಟ್ಟಿರುತ್ತೆ."

"ಈಗ್ಲೇ ಹೇಗ್ರೀ ಗೊತ್ತು?"

"ನಾನೇ ಕೆಡಿಸ್ತೀನಲ್ಲ."

ಬೆನ್ನ ಹಿಂದೆ ದೋಣಿ ಬಂಡೆಗೆ ಬಡಿದ ಸದ್ದಾಯಿತು. ದಾರಿ ನೋಡಬೇಕಾದವರು ನನ್ನನ್ನೇ ನೋಡುತ್ತಿದ್ದರು.