ಉಲ್ಕಾವೀರನ ಮೂವತ್ತು ಕಾರ್ಡುಗಳು

ಸೋಮವಾರ ಬೆಳಗ್ಗೆ ಸದ್ದಣ್ಣ ಹಳೇ ಬೂಟು ಎರಡನ್ನೂ ಕೈಗೆ ಹಾಕಿಕೊಂಡು ಜಲ್ಲಿಕಲ್ಲಿನ ಮೇಲೆ ನಡೆಸುತ್ತಿದ್ದ. ತೆರೆಯ ಮೇಲೆ ವೀರ ನಡೆದರೆ ಇಲ್ಲಿ ಇವನು ಸದ್ದು ಮಾಡಬೇಕು. ಇಪ್ಪತ್ತೆರಡು ವರ್ಷದಿಂದ ಅದೇ ಅವನ ಹೊಟ್ಟೆಪಾಡು. ಬಾಗಿಲು ಧಡಾರನೆ ತೆರೆದು ಸಂಕಲನದ ಹೆಣ್ಣುಮಗಳು ನುಗ್ಗಿದಳು. ಸ್ಟುಡಿಯೊದಲ್ಲಿ ಅವಳಿಗೆ ಕತ್ತರಿ ಅಂತಲೇ ಹೆಸರು.

“ಸದ್ದಣ್ಣ, ನನ್ನ ಕೆಲಸ ಹೋಯ್ತು. ಸಂಜೆ ಐದಕ್ಕೆ ಸಿನಿಮಾನ ಬೇರೆಯವರ ಕೈಗೆ ಕೊಡ್ತಾರಂತೆ. ದೊಡ್ಡಮ್ಮ ಎಲ್ಲಿ?”

ದೊಡ್ಡಮ್ಮ ಅಂದರೆ ಅಲ್ಲಿನ ಕಂಟಿನ್ಯುಟಿ ನೋಡುವ ಹೆಂಗಸು. ಹಿಂದಿನ ಶಾಟಿನಲ್ಲಿ ನಾಯಕನ ಕೈಯಲ್ಲಿದ್ದ ಲೋಟ ಅರ್ಧ ತುಂಬಿತ್ತೋ ಮುಕ್ಕಾಲೋ ಎಂದು ಬರೆದಿಡುವುದೇ ಅವಳ ಉದ್ಯೋಗ. ಅರವತ್ತು ದಾಟಿದವಳು, ಕೊರಳಲ್ಲಿ ಸದಾ ಒಂದು ಸ್ಟಾಪ್‌ವಾಚು. ಕಳುವಾದ ಲೆನ್ಸು, ಸೋರಿದ ಕತೆ, ಏನೇ ಇರಲಿ, ಎಲ್ಲರೂ ಓಡುವುದು ಅವಳ ಹತ್ತಿರವೇ. ಸದ್ದಣ್ಣ ಅವಳ ಬಾಲ. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ.

ವಿಷಯ ಇಷ್ಟು. ಆಕಾಶದಲ್ಲಿ ಹಾರುವ ಉಲ್ಕಾವೀರನ ಮೂರನೇ ಸಿನಿಮಾ ಹೆಚ್ಚುಕಡಿಮೆ ಸಿದ್ಧವಾಗಿತ್ತು. ನಿರ್ದೇಶಕ ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದ. ಕೊನೆಯ ಕಾಳಗಕ್ಕೆ ಮೊದಲು, ಸೋತು ಬಂದ ವೀರ ಅಕ್ಕನ ಅಡುಗೆಮನೆಯಲ್ಲಿ ಕೂರುತ್ತಾನೆ. ಅಕ್ಕ ಹೊಲಿಗೆ ಯಂತ್ರದಲ್ಲಿ ಅವನ ಹರಿದ ಮೇಲಂಗಿ ಹೊಲಿಯುತ್ತಾಳೆ. ಬಟ್ಟೆ ಹಿಡಿದುಕೊಂಡವನ ಬೆರಳಿಗೆ ಸೂಜಿ ಚುಚ್ಚುತ್ತದೆ. ಎರಡು ನಿಮಿಷ, ಒಂದೂ ಮಾತಿಲ್ಲ. ಇದಕ್ಕೆ ಜಾಗ ಮಾಡಲು ಕತ್ತರಿ ಒಂದು ಇಡೀ ನಗರ ಕುಸಿಯುವ ಆರು ನಿಮಿಷವನ್ನು ಕಿತ್ತು ಹಾಕಿದ್ದಳು. ಶನಿವಾರ ಮಧ್ಯಾಹ್ನ ಮೂವತ್ತು ಕಟ್ಟಾ ಅಭಿಮಾನಿಗಳನ್ನು ಕರೆಸಿ, ಸ್ಟುಡಿಯೊದ ಪುಟ್ಟ ಥಿಯೇಟರಿನಲ್ಲಿ ಸಿನಿಮಾ ತೋರಿಸಿ, ಅಭಿಪ್ರಾಯದ ಕಾರ್ಡು ಬರೆಸಿಕೊಂಡಿದ್ದರು. ಕಾರ್ಡಿನ ಡಬ್ಬ ನಿರ್ಮಾಪಕರ ಬೀರುವಿನಲ್ಲಿತ್ತು. ಬೀರುವಿಗೆ ಬೀಗವಿತ್ತು. ಬೀಗದ ಕೈ ಪಕ್ಕದ ಮೊಳೆಗೇ ನೇತಾಡುತ್ತಿತ್ತು.

“ಮೂವತ್ತರಲ್ಲಿ ಹದಿನೆಂಟು ಜನ ಆ ಸೀನ್ ತೆಗೀರಿ ಅಂದಿದ್ದಾರೆ” ಎಂದಳು ಕತ್ತರಿ. “ಆದ್ರೆ ನಾನು ಗೋಡೆಗೊರಗಿ ನಿಂತು ಅವರ ಮುಖ ನೋಡಿದೀನಿ ದೊಡ್ಡಮ್ಮ. ಅವು ಆ ಕಾರ್ಡ್ ಬರೆಯೋ ಮುಖ ಅಲ್ಲ.”

ದೊಡ್ಡಮ್ಮ ಬೀರುವಿನಿಂದ ಡಬ್ಬ ತರಿಸಿ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿದಳು. ಸದ್ದಣ್ಣ ಅವಳ ಭುಜದ ಮೇಲಿಂದ ಓದಿದ. ‘ಟಕಟಕ ಸದ್ದಿಗೆ ತಲೆನೋವು ಬಂತು.’ ‘ಹೊಲಿಗೆ ಮಷೀನ್ ಕೇಳೋಕೆ ನಾವು ಬರಬೇಕಾ?’ ಬೈದ ಹದಿನೆಂಟರಲ್ಲಿ ಏಳು ಇಂಥವೇ. ಹೊಗಳಿದವು ಹನ್ನೆರಡು. ಒಂದರಲ್ಲಿ, ‘ಸೂಜಿ ಬಿದ್ದರೂ ಕೇಳಿಸುವಂತಿತ್ತು, ಯಾರೂ ಉಸಿರಾಡಲಿಲ್ಲ’ ಎಂದಿತ್ತು.

ಓದುತ್ತಾ ಓದುತ್ತಾ ಸದ್ದಣ್ಣ ಹಣೆ ಒರೆಸಿಕೊಂಡ. ಶನಿವಾರದ ಅವನ ಕೆಲಸದಲ್ಲೊಂದು ತೂತು ಉಳಿದಿತ್ತು. ಅದು ಗೊತ್ತಿದ್ದದ್ದು ಅವನಿಗೆ ಮತ್ತು ಕತ್ತರಿಗೆ. ಅವಳು ಬಾಯಿ ಬಿಟ್ಟಿರಲಿಲ್ಲ, ಇವನೂ ಬಿಡಲಿಲ್ಲ. ಮರ್ಯಾದೆ ಯಾರಿಗೆ ಬೇಡ?

“ಬೆವರ್ತಾ ಇದೀಯಲ್ಲೋ” ಎಂದಳು ದೊಡ್ಡಮ್ಮ.

“ಫ್ಯಾನ್ ಕೆಟ್ಟಿದೆ.”

“ತಿರುಗ್ತಾ ಇದೆ. ಬಾ, ಮೂರು ಜನರನ್ನ ಮಾತಾಡಿಸ್ಬೇಕು.”

ಆ ದಿನ ಸದ್ದಣ್ಣ ನಡೆದಷ್ಟು ಉಲ್ಕಾವೀರನೂ ಹಾರಿರಲಿಕ್ಕಿಲ್ಲ. ಸ್ಟುಡಿಯೊ ಓಣಿಯ ಗಡಿಯಾರ ಕಂಡಾಗಲೆಲ್ಲ ಐದಕ್ಕೆ ಇನ್ನೆಷ್ಟು ಹೊತ್ತು ಎಂದು ಲೆಕ್ಕ ಹಾಕುತ್ತಿದ್ದ. ಆ ಸೀನ್ ಕಂಡರೆ ಆಗದವರು ಮೂವರು. ಮೂವರಿಗೂ ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಶನಿವಾರ ಹೊಲಿಗೆ ಸೀನ್ ಬಂದಾಗ ಹೆಂಗಿತ್ತು?”

ಸಿನಿಮಾ ಉದ್ದವಾಯಿತೆಂದು ಗೊಣಗುತ್ತಿದ್ದ ನಿರ್ಮಾಪಕ ಫೋನು ಕಿವಿಗಿಟ್ಟುಕೊಂಡೇ ಹೇಳಿದ, “ಸ್ಪೀಕರ್ ಕೆಟ್ಟೋಯ್ತು ಅಂದ್ಕೊಂಡೆ ಕಣಮ್ಮ! ಪ್ರೊಜೆಕ್ಟರ್‌ನವನಿಗೆ ಬೈಯೋಣ ಅಂತ ಎದ್ದೆ. ಜನ ಕದಲದೆ ಕೂತಿದ್ರು, ನಾನೂ ಕೂತೆ. ಈಗ ನೋಡಿದ್ರೆ ಹಿಂಗೆ ಬರೆದಿದ್ದಾರೆ. ಜನರನ್ನ ನಂಬೋ ಹಾಗಿಲ್ಲ.”

ನಾಯಕನಟನ ವ್ಯವಹಾರ ನೋಡಿಕೊಳ್ಳುವ ಅಣ್ಣನಿಗೆ ತನ್ನ ತಮ್ಮ ಅಡುಗೆಮನೆಯಲ್ಲಿ ಕೂತಿರುವುದೇ ಅವಮಾನ. “ನನ್ನ ತಮ್ಮ ಬೆಟ್ಟ ಎತ್ತಿದವನು, ಅವನ ಕೈಲಿ ಬಟ್ಟೆ ಹಿಡಿಸ್ತೀರಲ್ರೀ! ಆದ್ರೂ ಸುಳ್ಳು ಯಾಕೆ ಹೇಳ್ಲಿ? ಮುಂದಿನ ಸಾಲಲ್ಲಿ ಒಬ್ಬ ಮೂಗೆಳೆದಿದ್ದು ನನ್ನವರೆಗೂ ಕೇಳಿಸ್ತು.”

ಗ್ರಾಫಿಕ್ಸ್ ಮೇಷ್ಟ್ರು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. ಕಿತ್ತು ಹಾಕಿದ ನಗರ ಅವನದೇ ಸೃಷ್ಟಿ. “ಹಿಂದಿನ ಸಾಲಲ್ಲೇ ಕೂತಿದ್ದೆ. ಮಷೀನ್ ಶುರುವಾಗಿದ್ದೇ ತಡ, ಜನ ಕಿವಿ ಉಜ್ಜಿಕೊಂಡ್ರು, ಆಕಳಿಸಿದ್ರು. ನನಗೇ ಪಾಪ ಅನ್ನಿಸ್ತು.”

ಹೊರಗೆ ಬಂದು ದೊಡ್ಡಮ್ಮ ಸ್ಟಾಪ್‌ವಾಚನ್ನು ಒಮ್ಮೆ ಒತ್ತಿ ನಿಲ್ಲಿಸಿದಳು. “ಸದ್ದಣ್ಣ, ಹೊಲಿಗೆ ಮಷೀನಿನ ಸದ್ದು ಯಾವಾಗ ಮಾಡಿದ್ದು ನೀನು?”

ಅವನು ಬಗ್ಗಿ ಚಪ್ಪಲಿ ಸರಿಮಾಡಿಕೊಂಡ. ಅವಳು ಮತ್ತೆ ಕೇಳಲಿಲ್ಲ. ಕೇಳಿದ್ದರೇ ವಾಸಿಯಿತ್ತು.

ನಾಲ್ಕೂವರೆಗೆ ಎಲ್ಲರೂ ಆ ಪುಟ್ಟ ಥಿಯೇಟರಿನಲ್ಲಿ ಸೇರಿದರು. ಕತ್ತರಿ ಬಾಗಿಲ ಬಳಿ ಚೀಲ ಅಪ್ಪಿಕೊಂಡು ನಿಂತಿದ್ದಳು. ಮೇಜಿನ ಖಾನೆ ಆಗಲೇ ಖಾಲಿ ಮಾಡಿಬಿಟ್ಟಿದ್ದಳು.

“ಹದಿನೆಂಟು ಕಾರ್ಡು ಅಭಿಮಾನಿಗಳು ಬರೆದದ್ದಲ್ಲ” ಎಂದಳು ದೊಡ್ಡಮ್ಮ. “ನಮ್ಮೊಳಗೇ ಒಬ್ಬರು ಬರೆದದ್ದು. ಯಾಕೆ ಅಂತ ನಾನು ಹೇಳಬಹುದು. ಆದ್ರೆ ಹೇಳಬೇಕಾದವನು ಇನ್ನೊಬ್ಬ ಇದ್ದಾನೆ.”

ಸದ್ದಣ್ಣ ಬಾಗಿಲ ಬಳಿಯ ಚೀಲ ನೋಡಿದ. ಎದ್ದ.

“ಶನಿವಾರ ಆ ಸೀನಿಗೆ ಸದ್ದೇ ಇರಲಿಲ್ಲ ಸಾರ್. ಅಮ್ಮನ ಹಳೇ ಮಷೀನ್ ತಂದಿದ್ದೆ, ರೆಕಾರ್ಡ್ ಮಾಡೋ ಹೊತ್ತಿಗೆ ಚಕ್ರದ ಪಟ್ಟಿ ಹರೀತು. ಸಮಯಕ್ಕೆ ಕೊಡೋಕಾಗಲಿಲ್ಲ. ಈ ಕತ್ತರಿ ಸದ್ದಿಲ್ಲದೆ ಹಾಗೇ ಓಡಿಸಿ, ನನ್ನ ಮಾನ ಉಳಿಸಿದ್ಲು. ಟಕಟಕ ಅಂತ ನಾನು ಮಾಡಿದ್ದು ಭಾನುವಾರ ಬೆಳಗ್ಗೆ. ಇಲ್ಲಿರೋ ಎಲ್ಲರೂ ಬಂದು ಕೇಳಿದ್ರಿ, ಭೇಷ್ ಅಂದ್ರಿ.”

“ಹಂಗಾದ್ರೆ ಶನಿವಾರವೇ ಬರೆದ ಕಾರ್ಡಿಗೆ ಭಾನುವಾರದ ತಲೆನೋವು ಹೆಂಗೆ ಬಂತು?” ಎಂದಳು ದೊಡ್ಡಮ್ಮ. “ಭಾನುವಾರ ಕೇಳಿದವರು ಎಲ್ಲರೂ. ಆದ್ರೆ ಶನಿವಾರ ಇಲ್ಲಿ ಕೂತಿದ್ದವರು ಈ ತಪ್ಪು ಮಾಡೋದಿಲ್ಲ. ನಿರ್ಮಾಪಕರು ಸ್ಪೀಕರ್ ಕೆಟ್ಟಿತು ಅಂದ್ಕೊಂಡ್ರು. ಅಣ್ಣನಿಗೆ ಮೂಗೆಳೆದದ್ದು ಕೇಳಿಸ್ತು. ಇಬ್ಬರಿಗೂ ಮೌನ ಗೊತ್ತು. ಮೇಷ್ಟ್ರೇ, ನೀವೊಬ್ಬರೇ ಮಷೀನ್ ಕೇಳಿಸ್ಕೊಂಡ್ರಿ. ಯಾಕಂದ್ರೆ ನೀವು ಬಂದೇ ಇರಲಿಲ್ಲ.”

ಮೇಷ್ಟ್ರು ನಗಲು ನೋಡಿದ. ನಗೆ ಅರ್ಧಕ್ಕೇ ನಿಂತಿತು. “ಎಂಟು ತಿಂಗಳು! ಒಂದೊಂದು ಕಿಟಕಿ ಗಾಜು ಒಡೆಯೋ ರೀತಿ ಬೇರೆ ಬೇರೆ ಮಾಡಿದ್ದೆ. ಅದನ್ನ ಕಿತ್ತು ಸೂಜಿದಾರ ತೋರಿಸ್ತೀರಾ? ಆ ಸಿನಿಮಾನ ಕೂತು ನೋಡೋಕೆ ನನ್ನ ಕೈಲಾಗಲಿಲ್ಲ.”

“ಅದು ಅರ್ಥ ಆಗುತ್ತಪ್ಪ” ದೊಡ್ಡಮ್ಮ ಮೆತ್ತಗೆ ಹೇಳಿದಳು. “ಅಸಲಿ ಕಾರ್ಡು?”

ಅವನು ಜೇಬಿನಿಂದ ರಬ್ಬರ್ ಬ್ಯಾಂಡು ಸುತ್ತಿದ ಕಟ್ಟು ತೆಗೆದ. ಹರಿಯಲು ಮನಸ್ಸು ಬಂದಿರಲಿಲ್ಲವೇನೋ. ನಿರ್ಮಾಪಕ ಮೇಲಿನ ಕಾರ್ಡನ್ನು ಗಟ್ಟಿಯಾಗಿ ಓದಿದ:

‘ಅವನು ಹಾರುವುದು ನಮಗೆ ಗೊತ್ತಿತ್ತು. ಅವನಿಗೂ ಸೂಜಿ ಚುಚ್ಚುತ್ತದೆ ಅಂತ ಇವತ್ತು ಗೊತ್ತಾಯಿತು. ಇನ್ನು ಅವನು ಬಿದ್ದರೆ ನನಗೆ ಭಯವಾಗುತ್ತದೆ.’

ಎರಡನೆಯದನ್ನು ಮನಸ್ಸಿನಲ್ಲೇ ಓದಿಕೊಂಡ. ಕಾರ್ಡನ್ನು ಅಣ್ಣನ ಕೈಗಿಟ್ಟ.

“ಮೇಷ್ಟ್ರೇ, ನಾಳೆ ಬಂದು ನನ್ನ ನೋಡಿ” ಎಂದ. ಆಮೇಲೆ ಬಾಗಿಲ ಕಡೆ ತಿರುಗಿ, “ಏ ಕತ್ತರಿ, ಆ ಚೀಲ ಕೆಳಗಿಡಮ್ಮ, ಐದಾಯ್ತು. ಸೀನ್ ಇರ್ಲಿ. ಶನಿವಾರ ಹೆಂಗಿತ್ತೋ ಹಂಗೇ.”

“ಶನಿವಾರದ ಹಾಗಾ?” ಸದ್ದಣ್ಣ ಬೆಚ್ಚಿದ. “ಸಾರ್, ನನ್ನ ಸದ್ದು? ಪಟ್ಟಿ ಹೊಸದು ಹಾಕಿಸಿ, ಭಾನುವಾರ ಇಡೀ ಬೆಳಗ್ಗೆ...”

“ಭೇಷಾಗಿದೆ ಕಣಯ್ಯ. ತೆಗಿ.”

ಸಿನಿಮಾ ತೆರೆಕಂಡ ಮೊದಲ ದಿನ ಸದ್ದಣ್ಣ ಅಮ್ಮನನ್ನೂ ದೊಡ್ಡಮ್ಮನನ್ನೂ ಕರೆದುಕೊಂಡು ಹೋಗಿ ನಡುಸಾಲಿನಲ್ಲಿ ಕೂತ. ಹೊಲಿಗೆಯ ಸೀನು ಬಂತು. ಯಂತ್ರದ ಚಕ್ರ ಸದ್ದಿಲ್ಲದೆ ತಿರುಗಿತು. ಸೂಜಿ ಚುಚ್ಚಿದಾಗ ಸಾವಿರ ಜನ ಒಟ್ಟಿಗೆ ಉಸಿರೆಳೆದುಕೊಂಡರು.

“ನನ್ನ ಮಷೀನ್ ಕೇಳಿಸ್ಲೇ ಇಲ್ಲವಲ್ಲೋ” ಅಮ್ಮ ಪಿಸುಗುಟ್ಟಿದಳು.

“ಶ್... ಅದೇ ಅಮ್ಮ, ಈಗ ಕೇಳ್ತಾ ಇರೋದು” ಎಂದ ಸದ್ದಣ್ಣ.