ಗೋಕಾಕದ ಉಪ್ಪಿನ ಕೋಣೆ

ನಮ್ಮ ಸರದಿ ಮಧ್ಯಾಹ್ನ ಹನ್ನೆರಡಕ್ಕೆ ಇತ್ತು. ನಮಗಿಂತ ಮೊದಲು ಒಳಗೆ ಹೋದವರು ಜೀವಂತವಾಗಿ ಹೊರಗೆ ಬರಲಿಲ್ಲ.

ಹುಕ್ಕೇರಿಯಲ್ಲಿ ರಾಯವ್ವಕ್ಕನ ಮನೆಯೂ ನನ್ನ ಮನೆಯೂ ಅಕ್ಕಪಕ್ಕ. ಪೊಲೀಸ್ ಇಲಾಖೆಯಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದ ಮೇಲೂ ಜನ ಅವರನ್ನು ಬಿಟ್ಟಿರಲಿಲ್ಲ. ಕಳವು, ಕಾಣೆಯಾದವರು, ಸಂಶಯದ ಸಾವು, ಎಲ್ಲವೂ ಅವರ ಕಟ್ಟೆಗೇ ಬರುತ್ತಿದ್ದವು. ಶಾಲೆಯಲ್ಲಿ ಪಾಠ ಮುಗಿಸಿ ಬಂದು ಅವರನ್ನು ಸ್ಕೂಟರಿನಲ್ಲಿ ಕರೆದೊಯ್ಯುವವಳು ನಾನು, ದಾನೇಶ್ವರಿ. ಆ ವರ್ಷ ಅವರಿಗೆ ಸರಿಯಾಗಿ ನಿದ್ದೆಯೇ ಬರುತ್ತಿರಲಿಲ್ಲ. ನನಗೂ ಹಾಗೇ. ಗೋಕಾಕದಲ್ಲಿ ಉಪ್ಪಿನ ಕೋಣೆ ತೆರೆದಿದ್ದಾರೆ, ಉಪ್ಪಿನ ಗಾಳಿಯಲ್ಲಿ ಕಣ್ಣು ಮುಚ್ಚಿ ಕುಳಿತರೆ ಕಂಚಿನ ಬಟ್ಟಲಿನ ನಾದ ಕೇಳಿಸುತ್ತಾರೆ, ಮನಸ್ಸು ಹಗುರಾಗುತ್ತದೆ ಎಂದು ಯಾರೋ ಹೇಳಿದ್ದರು. ಒಂದು ಭಾನುವಾರ ಹೋದೆವು.

ಮಾಲೀಕ ಸೂರಜ ಮೇಜಿನ ಹಿಂದೆ ಕುಳಿತಿದ್ದ. ಮೂವತ್ತರ ಆಸುಪಾಸಿನ ಚುರುಕು ಮನುಷ್ಯ. ಮುಚ್ಚಿದ ಬಾಗಿಲಿನಾಚೆಯಿಂದ ಗುಂಯ್ ಎಂಬ ನಾದ ಬರುತ್ತಿತ್ತು.

"ಐದ್ ನಿಮಿಷ ಕೂಡ್ರಿ. ಒಳಗ ಒಬ್ರು ಅದಾರ. ನಮ್ಮ ಆಮ್ರಪಾಲಿ ಬಟ್ಟಲಾ ನುಡಸಾಕತ್ತಾಳ" ಎಂದ.

ನಾದ ನಿಂತಿತು, ಜೊತೆಗೇ ಉಪ್ಪು ಊದುವ ಯಂತ್ರದ ಸದ್ದೂ ನಿಂತಿತು. ಸೂರಜ ಒಳಗೆ ಹೋದ. ಎರಡು ನಿಮಿಷವಾದರೂ ಸದ್ದಿಲ್ಲ. ಆಮೇಲೆ ಕೂಗಿದ.

ನಾವು ಓಡಿದೆವು. ನೆಲ, ಗೋಡೆ ಎಲ್ಲ ಬಿಳಿ ಉಪ್ಪು. ಕರಿ ರೆಕ್ಸಿನ್ನಿನ ಆರಾಮ ಕುರ್ಚಿಯಲ್ಲಿ ಅರವತ್ತು ದಾಟಿದ ಒಬ್ಬರು ಬಾಯಿ ತೆರೆದು ಒರಗಿದ್ದರು. ಮಡಿಕೆಯ ಗೆರೆಯೂ ಹೋಗದ ಹೊಸ ಅಂಗಿ. ತುಟಿಗಳು ನೀಲಿಯಾಗಿದ್ದವು. ರಾಯವ್ವಕ್ಕ ಕುತ್ತಿಗೆಯ ನಾಡಿ ಮುಟ್ಟಿ ನೋಡಿ ತಲೆಯಾಡಿಸಿದರು.

"ಮೂಡಲಗಿ ಯಲ್ಲಪ್ಪನವರ್ರಿ. ದಮ್ಮಿನ ತ್ರಾಸ ಇತ್ತು" ಎಂದು ಸೂರಜ ತೊದಲಿದ. "ಆಮ್ರಪಾಲಿ ಅಂಜಿ ಹಿಂದಿನ ಬಾಗ್ಲದಿಂದ ಓಡಿ ಹೋಗ್ಯಾಳ ನೋಡ್ರಿ. ಪಂಪ್ ಕೈಯಾಗ ಕೊಟ್ಟಿದ್ರ ಉಳೀತಿದ್ರು."

ದಮ್ಮು ಬಂದಾಗ ಬಾಯಿಗೆ ಹೊಡೆದುಕೊಳ್ಳುವ ನೀಲಿ ಪಂಪು ಕುರ್ಚಿಯ ತೋಳಿನ ಮೇಲೆ, ಅವರ ಬೆರಳಿಗೆ ಗೇಣು ದೂರದಲ್ಲಿತ್ತು.

"ಯಾರೂ ಏನೂ ಮುಟ್ಟಬ್ಯಾಡ್ರಿ. ದಾನೇಶ್ವರಿ, ಫೋಟೋ ತಗಿ" ಎಂದರು ರಾಯವ್ವಕ್ಕ. ಅವರ ದನಿಯಲ್ಲಿ ಅವಸರವಿರಲಿಲ್ಲ, ಬರೀ ಆಯಾಸವಿತ್ತು.

ಯಂತ್ರ ಊದಿದ ಉಪ್ಪಿನ ಪುಡಿ ಎಲ್ಲದರ ಮೇಲೂ ತೆಳ್ಳಗೆ ಕೂತಿತ್ತು. ಸತ್ತವರ ಕನ್ನಡಕದ ಮೇಲೆ, ಮೂಲೆಯ ಬಟ್ಟಲುಗಳ ಅಂಚಿನ ಮೇಲೆ. ಅಲ್ಲಿ ಕರಿ ಬಟ್ಟೆಯ ಮೇಲೆ ಬಟ್ಟಲು ನುಡಿಸುವ ಮರದ ಕೋಲು ಬಿದ್ದಿತ್ತು. ರಾಯವ್ವಕ್ಕ ಕರವಸ್ತ್ರದಿಂದ ಅದನ್ನು ಎತ್ತಿದರು. ಕೆಳಗೆ ಬಟ್ಟೆ ಕೋಲಿನ ಆಕಾರದಲ್ಲಿ ಕಪ್ಪಗೆ ಉಳಿದಿತ್ತು. ಪಂಪನ್ನೂ ಹಾಗೇ ಎತ್ತಿದರು. ಅದು ಥಳಥಳ ಹೊಳೆಯುತ್ತಿತ್ತು. ಅದರ ಕೆಳಗಿನ ರೆಕ್ಸಿನ್ ಮಾತ್ರ ಬೆಳ್ಳಗಿತ್ತು. ಎರಡರ ಫೋಟೋವನ್ನೂ ತೆಗೆದೆ. ನನಗೆ ಏನೂ ಹೊಳೆಯಲಿಲ್ಲ.

ಕಾಲು ಗಂಟೆಯ ಮೇಲೆ ಆಮ್ರಪಾಲಿ ಬಂದಳು, ಮುಂದಿನ ಮೆಟ್ಟಿಲಿನಿಂದಲೇ, ಬರಿಗೈಯಲ್ಲಿ. ಮೊದಲು ನರ್ಸ್ ಆಗಿದ್ದ ಹುಡುಗಿ. ಯಲ್ಲಪ್ಪನವರನ್ನು ಕಂಡದ್ದೇ ಓಡಿ ಎದೆಗೆ ಕಿವಿಯಿಟ್ಟಳು.

"ಎಲ್ಲಿ ಹೋಗಿದ್ದಿ?" ಎಂದು ರಾಯವ್ವಕ್ಕ ಕೇಳಿದರು.

"ಬಸ್ ಸ್ಟ್ಯಾಂಡಿಗ್ರಿ. ಕಲ್ಲೋಳಿ ಬಸ್ಸಿನಾಗ ಉಪ್ಪಿನ ಪಾರ್ಸಲ್ ಬರ್ತೈತಿ ಅಂತ ಸರ್ ಕಳಿಸಿದ್ರು. ಒಂದ್ ತಾಸು ಕುಂತೆ, ಬರ್ಲೇ ಇಲ್ಲ."

"ಸುಳ್ಳ! ಇಕಿ ಒಳಗ ಇದ್ಲು. ಇವರಿಬ್ರೂ ನಾದ ಕೇಳ್ಯಾರ" ಎಂದು ಸೂರಜ ಅಬ್ಬರಿಸಿದ.

ನಾನೂ ಕೇಳಿದ್ದು ನಿಜ. ಆಮ್ರಪಾಲಿ ನನ್ನತ್ತ ನೋಡಿದಳು. ನಾನು ಕಣ್ಣು ತಪ್ಪಿಸಿದೆ.

ಸಬ್ ಇನ್ಸ್‌ಪೆಕ್ಟರ್ ಸುಶಾಂತ ಬಂದ. ಹೊಸದಾಗಿ ಇಲಾಖೆ ಸೇರಿದಾಗ ರಾಯವ್ವಕ್ಕನಿಂದಲೇ ಕೆಲಸ ಕಲಿತವನು. ಅವನ ಹಿಂದೆ ಮೂಡಲಗಿಯಿಂದ ಯಲ್ಲಪ್ಪನವರ ಹೆಂಡತಿ ಬಾಳವ್ವ ಬಂದರು. ರಾಯವ್ವಕ್ಕ ಅವರಿಗೆ ನೀರು ಕೊಟ್ಟು, ಪಕ್ಕದಲ್ಲಿ ಕುಳಿತು ಕೇಳಿದರು: "ಪಂಪ್ ಯಾವಾಗ್ಲೂ ಹಂತ್ಯಾಕ ಇಟ್ಕೋತಿದ್ರೇನ್ರಿ?"

"ಜಳಕಕ್ಕ ಹೋದ್ರೂ ಬಿಡ್ತಿರ್ಲಿಲ್ರಿ ಅಕ್ಕಾರ. ಇವತ್ತ ವಿಡಿಯೋ ತಗೀತಾರಂತ ಹೊಸ ಅಂಗಿ ಹಾಕ್ಕೊಂಡು ಖುಷಿಲೆ ಬಂದ್ರು."

ಸಂಜೆಗೆ ಮುಂಚೆ ರಾಯವ್ವಕ್ಕ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದರು. ತಾವು ಮಾತ್ರ ಗೋಡೆಗೆ ಒರಗಿ ನಿಂತರು.

"ಬಟ್ಟಲಾ ನುಡಸೂದು ಹೆಂಗ? ಕೋಲು ಅಂಚಿನ ಮ್ಯಾಲೆ ತಿರಗಸಬೇಕು. ತಿರಗಿಸಿದ್ರ ಅಂಚಿನ ಉಪ್ಪು ಒರಸಿ ಹೋಗಬೇಕು. ಹೋಗಿಲ್ಲ. ಕೋಲಿನ ಮ್ಯಾಲೆ ಉಪ್ಪೈತಿ, ಕೆಳಗ ಇಲ್ಲ. ಅಂದ್ರ ಯಂತ್ರ ಚಾಲೂ ಆದಾಗಿಂದ ಅದನ್ನ ಯಾರೂ ಎತ್ತಿಲ್ಲ. ನಾವು ಕೇಳಿದ್ದು ರೆಕಾರ್ಡ್. ಹಂಗಾದ್ರ ಆಮ್ರಪಾಲಿ ಒಳಗ ಇದ್ಲು ಅನ್ನಾಕ ಸೂರಜನ ಮಾತು ಬಿಟ್ಟು ಬ್ಯಾರೆ ಆಧಾರ ಏನೈತಿ?"

ಸೂರಜ ಎದ್ದ. ಸುಶಾಂತ ಅವನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದ.

"ಪಂಪಿಂದು ಉಲ್ಟಾ. ಮ್ಯಾಲೆ ಉಪ್ಪಿಲ್ಲ, ಕೆಳಗೈತಿ. ಉಪ್ಪು ಕುಂತ ಮ್ಯಾಲೆ ಅದನ್ನ ತಂದಿಟ್ಟಾರ. ಯಂತ್ರ ನಿಂತ ಮ್ಯಾಲೆ ಒಳಗ ಹೋದಾಂವ ಒಬ್ಬನ, ಎರಡು ನಿಮಿಷ ಸುಮ್ನಿದ್ದಾಂವ ಒಬ್ಬನ." ಅವರು ಸೂರಜನತ್ತ ತಿರುಗಿದರು. "ಉಪ್ಪಿನ ಗಾಳಿ ಕುಡದು ದಮ್ಮು ಹೋತು, ಪಂಪ್ ಬಿಟ್ಟೆ ಅಂತ ನಿನ್ನ ಜಾಹೀರಾತಿನ ವಿಡಿಯೋದಾಗ ಹೇಳಸಬೇಕಿತ್ತು. ಅದಕ್ಕ ಪಂಪ್ ಇಸ್ಕೊಂಡಿ. ಆಮ್ರಪಾಲಿ ನರ್ಸ್ ಆಗಿದ್ದಾಕಿ, ಒಪ್ಪತಿರ್ಲಿಲ್ಲ. ಅದಕ್ಕ ಇಲ್ಲದ ಪಾರ್ಸಲ್ ತರಾಕ ಕಳಿಸಿದಿ. ಫೋನ್ ಕೊಡು."

ಸುಶಾಂತ ಫೋನು ತೆರೆದ. ಬೆಳಿಗ್ಗೆ ಹನ್ನೊಂದರ ವಿಡಿಯೋ. ಯಲ್ಲಪ್ಪನವರ ದನಿ ಕೇಳಿತು: "ನೋಡ್ರಿ, ಪಂಪ್ ಇವರ ಕೈಯಾಗ ಕೊಟ್ಟೇನಿ. ಒಂದ್ ತಾಸು ಇಲ್ದ ಕೂಡತೇನಿ." ಕೊನೆಗೆ ಒಂದು ನಾಚಿಕೆಯ ನಗು.

ಬಾಳವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಸಾಯಲಿ ಅಂತ ಮಾಡಿಲ್ರಿ" ಎಂದು ಸೂರಜ ಅಳತೊಡಗಿದ. "ಇವರಿಬ್ರೂ ಬರೂಕಿಂತ ಮೊದ್ಲ ಕೆಮ್ಮಿದ್ದು ಕೇಳಿತ್ತು. ಉಪ್ಪು ಒಳಗ ಹೋದ್ರ ಮೊದ್ಲು ಕೆಮ್ಮು ಬರ್ತೈತಿ ಅಂತ ಸುಮ್ನ ಕುಂತೆ. ಆಮ್ಯಾಲೆ ನಿಂತಿತ್ತು. ಆರಾಮ ಆತು ಅನಕೊಂಡೆ."

"ಆಮ್ಯಾಲೆ ಪಾಪದ ಹುಡುಗಿ ಮ್ಯಾಲೆ ಹಾಕಿದಿ" ಎಂದರು ರಾಯವ್ವಕ್ಕ. ಸಿಟ್ಟಾಗುವ ಶಕ್ತಿಯೂ ಅವರಲ್ಲಿ ಉಳಿದಂತಿರಲಿಲ್ಲ.

ನಾನು ಆಮ್ರಪಾಲಿಯ ಬಳಿ ಹೋಗಿ, "ತಪ್ಪಾತು, ತಂಗಿ" ಎಂದೆ. ಅವಳ ಗಮನವೆಲ್ಲ ಬಾಳವ್ವನವರ ಮೇಲಿತ್ತು. ಬಾಳವ್ವ ಎದ್ದು ಸೂರಜನ ಮುಂದೆ ನಿಂತಿದ್ದರು. ಬೈಯಲಿಲ್ಲ, ಹೊಡೆಯಲಿಲ್ಲ.

"ಎಷ್ಟೊತ್ತು ಕೆಮ್ಮಿದ್ರು?" ಎಂದು ಕೇಳಿದರು.

ಸೂರಜ ತಲೆ ಎತ್ತಲಿಲ್ಲ.

"ಹೇಳಪಾ. ಎಷ್ಟೊತ್ತು?"

ಆಮ್ರಪಾಲಿ ಹೋಗಿ ಅವರ ಕೈ ಹಿಡಿದುಕೊಂಡಳು. ಆ ಪ್ರಶ್ನೆಗೆ ಉತ್ತರ ಬರುವವರೆಗೆ ಬಾಳವ್ವ ಕದಲಲಿಲ್ಲ. ನಾವೂ ಕದಲಲಿಲ್ಲ.