ಹನ್ನೊಂದನೆಯ ಕಲ್ಲಿನ ಖಾಲಿ ಸಾಲು

ಅನುಪಮಾಗೂ ಚನ್ನೇಶನಿಗೂ ಮೊದಲ ಜಗಳವಾದದ್ದು ಒಂದು ಖಾಲಿ ಸಾಲಿನ ವಿಷಯಕ್ಕೆ.

ಅವಳು ತುಮಕೂರಿನ ಕಾಲೇಜೊಂದರಲ್ಲಿ ಇತಿಹಾಸದ ಲೆಕ್ಚರರ್. ರಸ್ತೆ ಬದಿಯಲ್ಲಿ ಹೇಳುವವರು ಕೇಳುವವರಿಲ್ಲದೆ ನಿಂತ ವೀರಗಲ್ಲುಗಳನ್ನು ಹುಡುಕಿ, ಪಕ್ಕದಲ್ಲೊಂದು ಗ್ರಾನೈಟ್ ಫಲಕ ನಿಲ್ಲಿಸಿ ಅವುಗಳ ಕಥೆ ಬರೆಸುವುದು ಅವಳ ಬಳಗದ ಹುಚ್ಚು. ಅಕ್ಷರ ಕೆತ್ತುವವನು ಶಿರಾ ಗೇಟಿನ ಗ್ರಾನೈಟ್ ಅಂಗಡಿಯ ಚನ್ನೇಶ.

“ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದೀರಲ್ಲ, ಯಾಕ್ರೀ?” ಎಂದು ಅವಳು ಅಂದು ಸೊಂಟದ ಮೇಲೆ ಕೈಯಿಟ್ಟು ಕೇಳಿದ್ದಳು.

“ಕಲ್ಲಲ್ಲಿ ಅಳಿಸಕ್ಕಾಗಲ್ಲ ಮೇಡಂ, ಸೇರಿಸಬೋದು. ನಮ್ಮಪ್ಪನ ಕಾಲದಿಂದ ಇದೇ ರೂಲು.”

ರೆಪ್ಪೆಯ ಮೇಲಿನ ಕಲ್ಲುಪುಡಿ ಒರೆಸಿಕೊಂಡು ಅವನು ನಕ್ಕಿದ್ದ. ಆ ನಗುವಿಗೆ ಅವಳ ಸಿಟ್ಟು ಅರ್ಧ ಇಳಿದಿತ್ತು. ಉಳಿದರ್ಧ ಇಳಿಸಿಕೊಳ್ಳಲು ಅವಳು ಮತ್ತೆ ಮತ್ತೆ ಅಂಗಡಿಗೆ ಹೋಗಬೇಕಾಯಿತು.

ಹತ್ತು ಫಲಕವಾದವು, ಹತ್ತು ಜಗಳವಾದವು, ಪ್ರತಿ ಜಗಳದ ಕೊನೆಗೂ ಒಂದೊಂದು ಟೀ ಆಯಿತು. ಗುಬ್ಬಿ ರಸ್ತೆಯದು ಹನ್ನೊಂದನೆಯದು, ಕೊನೆಯದು. ಇನ್ನು ಯಾವ ನೆಪ ಹೇಳಿ ಆ ಅಂಗಡಿಯ ಮೆಟ್ಟಿಲು ಹತ್ತುವುದು? ಇವತ್ತು ಬಾಯಿ ಬಿಡದಿದ್ದರೆ ಎಲ್ಲ ಇಲ್ಲಿಗೇ ಮುಗಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಎಂಬತ್ತು ಹುಡುಗರ ಕ್ಲಾಸನ್ನು ಹದ್ದುಬಸ್ತಿನಲ್ಲಿಡುವ ಈ ಮಹಾತಾಯಿಗೆ ಒಬ್ಬ ಚನ್ನೇಶನ ಮುಂದೆ ನಾಲಿಗೆಯೇ ಹೊರಳುತ್ತಿರಲಿಲ್ಲ.

ಅನಾವರಣ ಹತ್ತೂವರೆಗೆ. ಎಂಟು ಗಂಟೆಗೇ ಅವಳು ಬಂದಾಗ ಚನ್ನೇಶ ಹಿಂದಿನ ದಿನ ನಿಲ್ಲಿಸಿದ್ದ ಫಲಕವನ್ನು ಒರೆಸುತ್ತಿದ್ದ. ಪಕ್ಕದಲ್ಲಿ ಊರಿನ ಅಜ್ಜಿ ಚಿಕ್ಕಮಾರಮ್ಮ ಅನಾವರಣಕ್ಕೆಂದು ವೀರಗಲ್ಲಿಗೆ ಬಿಸಿನೀರು ಹುಯ್ಯುತ್ತಿದ್ದರು. ಆ ಕಲ್ಲಿಗೆ ಎಣ್ಣೆ ಯಾರು ಬೇಕಾದರೂ ಹಚ್ಚಬಹುದು, ತೊಳೆಯುವ ಹಕ್ಕು ಮಾತ್ರ ಚಿಕ್ಕಮಾರಮ್ಮನ ಮನೆಯದು. ಮೂರು ತಿಂಗಳ ಹಿಂದೆ ಅನುಪಮಾ ತೊಳೆದು ತೋರಿಸಿ ಎಂದು ಕೇಳಿದ್ದಕ್ಕೆ, “ಸುಮ್‌ಸುಮ್ಕೆ ತೊಳಿಯಕ್ಕೆ ಅದೇನು ಸೊಪ್ಪಾ?” ಎಂದು ಗದರಿದ್ದರು. ಹಾಗಾಗಿ ಎಣ್ಣೆಯ ಕಪ್ಪು ಪದರದ ಮೇಲೆ ಕಂಡಷ್ಟನ್ನೇ ಅವಳು ಬರೆದಿದ್ದಳು. ಕತ್ತಿ ಎತ್ತಿದ ಒಬ್ಬ ಗಂಡಸು, ಕಾಲ ಬಳಿ ಹಸುಗಳು.

ಸೀಗೆಪುಡಿ ಹಾಕಿ ಉಜ್ಜುತ್ತಿದ್ದ ಅಜ್ಜಿಯ ಕೈ ತಟ್ಟನೆ ನಿಂತಿತು.

“ಬಾರವ್ವ ಇಲ್ಲಿ. ಇದ್ಯಾರು ನೋಡು.”

ವೀರನ ಎಡಕ್ಕೆ ಇನ್ನೊಂದು ಆಕೃತಿ ಎದ್ದು ಬಂದಿತ್ತು. ತುರುಬು, ಕೈತುಂಬ ಬಳೆ, ಆ ಬಳೆಯ ಕೈಯಲ್ಲಿ ಸೆಳೆದು ಹಿಡಿದ ಬಿಲ್ಲು. ಅನುಪಮಾಳ ಮೈಯೆಲ್ಲ ಜುಮ್ಮೆಂದಿತು. ಮರುಗಳಿಗೆಯೇ ಅವಳ ಕಣ್ಣು ಫಲಕದ ಕಡೆ ಹೊರಳಿತು: ‘ಊರ ಹಸುಗಳನ್ನು ಕಾಯಲು ಹೋರಾಡಿ ಮಡಿದ ವೀರನ ನೆನಪಿಗೆ.’

“ಇವಳನ್ನ ಎಣ್ಣೆ ಮುಚ್ಚಿತ್ತು. ಈಗ ನಾನೂ ಮುಚ್ಬಿಟ್ಟೆ,” ಎಂದಳು.

ಚನ್ನೇಶ ಆಗಲೇ ಸ್ಕೂಟರಿನ ಡಿಕ್ಕಿಯಿಂದ ಉಳಿ, ಸುತ್ತಿಗೆ ತೆಗೆದಾಗಿತ್ತು. “ಖಾಲಿ ಸಾಲು ಇದೆ ಮೇಡಂ. ಏನ್ ಬರೀಬೇಕು ಹೇಳಿ. ಚಿಕ್ಕದಾಗಿರ್ಲಿ, ಎರಡೇ ಗಂಟೆ ಟೈಮ್ ಇರೋದು.”

ಅವಳು ಒಂದು ನಿಮಿಷ ಕಣ್ಣು ಮುಚ್ಚಿದಳು. “ಬರ್ಕೊಳ್ಳಿ. ಅವನ ಎಡಕ್ಕೆ ನಿಂತು ಬಿಲ್ಲೆತ್ತಿದವಳ ನೆನಪಿಗೂ.”

ಅವನು ಮಂಡಿಯೂರಿ ಕೂತ. ಅವಳು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಅಕ್ಷರ ಮೂಡಿದಂತೆಲ್ಲ ಪುಡಿಯನ್ನು ಊದಿದಳು. ಒಮ್ಮೆ ಊದಿದ್ದು ಅವನ ಮುಖಕ್ಕೇ ಹಾರಿತು. ಅವನು ಕಣ್ಣು ಕಿರಿದು ಮಾಡಿ ನೋಡಿದ, ಅವಳು ತುಟಿ ಕಚ್ಚಿ ನಗು ತಡೆದಳು.

“ಈ ಸಾಲು ಇಲ್ದಿದ್ರೆ ನನ್ನ ಗತಿ ಏನಾಗ್ತಿತ್ತು? ನಿಮ್ಮಪ್ಪನ ರೂಲಿಗೆ ಕೈ ಮುಗೀಬೇಕು.”

ಸುತ್ತಿಗೆಯ ಸದ್ದು ನಿಂತಿತು.

“ನಮ್ಮಪ್ಪಂದು ಅಂಥ ರೂಲ್ ಯಾವ್ದೂ ಇಲ್ಲ ಮೇಡಂ.”

“ಮತ್ತೆ?”

“ಮೊದಲ್ನೇ ಕಲ್ಲಲ್ಲಿ ಅಳತೆ ತಪ್ಪಿ ಜಾಗ ಉಳೀತು. ನೀವು ಜಗಳಕ್ಕೆ ಬಂದ್ರಿ, ಬಾಯಿಗೆ ಬಂದಿದ್ದು ಹೇಳ್ದೆ.” ಅವನ ಕಿವಿ ಕೆಂಪಾಗಿತ್ತು. “ಆಮೇಲೆ ಬೇಕಂತ್ಲೇ ಬಿಟ್ಟೆ. ಜಾಗ ಉಳಿದ್ರೆ ನೀವು ಬೈಯಕ್ಕಾದ್ರೂ ಬರ್ತೀರಲ್ಲ ಅಂತ.”

ಅವಳ ಎದೆಬಡಿತ ಅಜ್ಜಿಗೂ ಕೇಳಿಸುವಷ್ಟು ಜೋರಾಯಿತೇನೋ. “ಮೊದ್ಲು ಕೆತ್ಲಾ ಮಗ, ಜನ ಬರ್ತಾವ್ರೆ,” ಎಂದು ಚಿಕ್ಕಮಾರಮ್ಮ ತಂಬಿಗೆಯ ನೀರು ಚೆಲ್ಲಿದರು.

ಹತ್ತೂವರೆಗೆ ಬಟ್ಟೆ ಸರಿಸಿದಾಗ ಕೊನೆಯ ಸಾಲಿಗೆ ಇನ್ನೂ ಬಣ್ಣ ತುಂಬಿರಲಿಲ್ಲ. ಊರ ಹೆಂಗಸರು ಮುಂದೆ ಬಂದು, ಆ ಸಾಲಿನ ಮೇಲೆ ಬೆರಳಾಡಿಸಿ ಓದಿದರು. ಯಾರೋ ಭಾಷಣ ಮಾಡಿದರು. ಅನುಪಮಾಗೆ ಅದರಲ್ಲಿ ಒಂದಕ್ಷರವೂ ಕಿವಿಗೆ ಬೀಳಲಿಲ್ಲ.

ಅವಳು ಹೋಗಿ ಅವನ ಎಡಕ್ಕೆ ನಿಂತಳು.

“ಕೊನೇ ಸಾಲೂ ತುಂಬಿಬಿಟ್ರಿ. ನಾನಿನ್ನು ಯಾವ ನೆಪಕ್ಕೆ ಬರ್ಲಿ?”

ಅವನು ಕೈಯಲ್ಲಿದ್ದ ಉಳಿಯನ್ನು ತಿರುಗಿಸಿದ.

“ಈ ಸಲ ನೀವೇ ಬನ್ನಿ. ಭಾನುವಾರ, ನಮ್ಮನೆಗೆ. ಅಪ್ಪ ಇರ್ತಾರೆ.”

“ಬಂದು ಏನಂತ ಹೇಳ್ಲಿ?”

“ನಂಗೆ ಹೇಳಿದ್ದನ್ನೇ ಹೇಳಿ. ಆದ್ರೆ ಪೂರ್ತಿ ಹೇಳಿ. ಅಲ್ಲಿ ಮಾತ್ರ ಜಾಗ ಬಿಡ್ಬೇಡಿ.”

“ಆಯ್ತು ಅನುಪಮಾ,” ಎಂದ ಚನ್ನೇಶ. ಹನ್ನೊಂದು ಕಲ್ಲು ಮುಗಿಯುವ ತನಕ ಅವನು ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ.